ಮುಚ್ಚಳದ ಮೇಲಿನ ನೀಲಿ ರೈಟ್ ಗುರುತು

ನಿನ್ನೆ ಕೋಶಗಳ ಊಟಕ್ಕೆ ಲಿಫ್ ಹಾಕಿದೆನೋ ಇಲ್ಲವೋ? ಶನಿವಾರ ಬೆಳಿಗ್ಗೆಯಿಂದ ಅವಳ ತಲೆಯಲ್ಲಿ ಇದೊಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು. ಲ್ಯಾಬಿನಲ್ಲಿ ಅವಳಿಗೆ ‘ಡಬಲ್ ಚೆಕ್’ ಎಂದೇ ಹೆಸರು. ಬೀಗ ಹಾಕಿ, ಜಗ್ಗಿ ನೋಡಿ, ಬಸ್‌ಸ್ಟಾಪಿನಿಂದ ವಾಪಸು ಬಂದು ಮತ್ತೆ ಜಗ್ಗುವವಳಿಗೆ ಇನ್ನೇನು ಹೆಸರಿಟ್ಟಾರು?

ಮನೆಯಲ್ಲಿ ಎಂಟು ತಿಂಗಳ ಮಗಳು, ಲ್ಯಾಬಿನಲ್ಲಿ ಇಲಿಯ ಭ್ರೂಣದಿಂದ ತೆಗೆದ ಕಾಂಡಕೋಶಗಳು. ಎರಡನ್ನೂ ಸಾಕುವವಳು ಅವಳೇ. ಕೋಶಗಳದ್ದು ವಿಚಿತ್ರ ರಗಳೆ. ಅವು ಏನು ಬೇಕಾದರೂ ಆಗಬಲ್ಲವು, ಆದರೆ ಏನೂ ಆಗದಂತೆ ಹಿಡಿದಿಡಬೇಕು. ಒಳಗೆ ಕೆಲವು ಪ್ರೋಟೀನುಗಳು ಜೀನುಗಳ ಮೇಲೆ ಕೂತು, ಯಾವುದು ಬಾಯಿ ಬಿಡಬೇಕು, ಯಾವುದು ತೆಪ್ಪಗಿರಬೇಕು ಎಂದು ದರ್ಬಾರು ನಡೆಸುತ್ತವೆ. ಊಟದಲ್ಲಿ ಲಿಫ್ ಎಂಬ ಇನ್ನೊಂದು ಪ್ರೋಟೀನಿನ ಎರಡು ಹನಿ ಬರುತ್ತಿದ್ದರಷ್ಟೇ ಈ ದರ್ಬಾರು. ಅದು ತಪ್ಪಿತೋ, ದೊರೆಗಳು ಗದ್ದುಗೆಯಿಂದ ಇಳಿದರು. ಕೋಶಗಳು ಒಂದು ನರವಾಗುತ್ತೇನೆಂದು, ಇನ್ನೊಂದು ಹೃದಯವಾಗುತ್ತೇನೆಂದು ಗಂಟುಮೂಟೆ ಕಟ್ಟಿದವು. ಒಂದು ದಿನದೊಳಗೆ ಲಿಫ್ ಕೊಟ್ಟರೆ ಮರಳುತ್ತವೆ. ಸೋಮವಾರದವರೆಗೆ ಬಿಟ್ಟರೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಅವರ ನಾಲ್ಕು ತಿಂಗಳ ಕೆಲಸ ಮಣ್ಣುಪಾಲು. ಶನಿವಾರ ಲ್ಯಾಬಿನ ಬೀಗದ ಕೈ ಇರುವುದೂ ಅವರ ಬಳಿ ಮಾತ್ರ.

“ಫೋನ್ ಮಾಡ್ಬಿಡೇ,” ಎಂದ ಗಂಡ.

“ಹೋದ ತಿಂಗಳು ಮೂರು ಸಲ ಸುಮ್ಸುಮ್ನೆ ಓಡಿಸಿದೀನಿ ರೀ ಅವರನ್ನ. ಇನ್ನೊಂದು ಸಲ ಮಾಡಿದ್ರೆ ನನ್ನನ್ನೇ ಇನ್‌ಕ್ಯುಬೇಟರ್‌ನಲ್ಲಿ ಕೂರಿಸ್ತಾರಂತೆ.”

ಅಷ್ಟರಲ್ಲಿ ಹೋದ ಜೀವ ಬಂದಂತಾಯಿತು. ಲಿಫ್ ಹಾಕಿದ ಮೇಲೆ ಕೋಶಗಳ ಊಟದ ಬಾಟಲಿಯ ಮುಚ್ಚಳಕ್ಕೆ ನೀಲಿ ಪೆನ್ನಿನಲ್ಲಿ ರೈಟ್ ಗುರುತು ಹಾಕುವುದು ಅವಳ ಪದ್ಧತಿ. ನಿನ್ನೆ ಹಳದಿ ಮುಚ್ಚಳದ ಮೇಲೆ ಗುರುತು ಹಾಕಿದ್ದು ಕಣ್ಣಿಗೆ ಕಟ್ಟಿದಂತಿತ್ತು!

“ಹಾಕಿದೀನಿ ಕಣ್ರೀ!” ಎಂದು ಕುಣಿದಳು.

ಅಡುಗೆಮನೆಯಿಂದ ಅತ್ತೆ ಮಗುವಿನ ಹಾಲಿನ ಬಾಟಲಿ ಹಿಡಿದು ಬಂದರು. “ಏನಮ್ಮಾ ಇದು, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ಹಾಲು ಕುಡಿಯೋಕೂ ನನ್ನ ಮೊಮ್ಮಗಳು ಪಾಸಾಗ್ಬೇಕಾ?”

ಹಳದಿ ಮುಚ್ಚಳ. ಅದರ ಮೇಲೆ ನೀಲಿ ರೈಟ್ ಗುರುತು. ಲ್ಯಾಬಿನ ಮುಚ್ಚಳಗಳೆಲ್ಲ ಕಿತ್ತಳೆ ಬಣ್ಣದವು; ನಿನ್ನೆ ಅವಳು ಗುರುತು ಹಾಕಿದ್ದು ಮನೆಯಲ್ಲಿ ಹಾಲು ತುಂಬಿಸಿದ ಈ ಬಾಟಲಿಗೆ, ಲ್ಯಾಬಿನದಕ್ಕಲ್ಲ.

ಅವಳು ಫೋನಿಗೆ ಕೈ ಹಾಕಿದಳು. ಗಂಡ ನಗು ತಡೆಯಲಾರದೆ ಗೋಡೆಯತ್ತ ತಿರುಗಿದ.

“ಬೈದ್ರೆ ಫೋನ್ ನನ್ನ ಕೈಗೆ ಕೊಡು, ನಾನು ನೋಡ್ಕೋತೀನಿ,” ಎಂದರು ಅತ್ತೆ, ಸೆರಗು ಸಿಕ್ಕಿಸುತ್ತ.

ಎರಡೇ ರಿಂಗಿಗೆ ಮೇಡಂ ಎತ್ತಿಕೊಂಡರು. “ಹೇಳಮ್ಮಾ, ಈ ಸಲ ಏನು ಅನುಮಾನ?”

“ಅನುಮಾನ ಅಲ್ಲ ಮೇಡಂ, ನಿನ್ನೆ ಲಿಫ್ ಹಾಕೋದು ಮರ್ತಿದೀನಿ. ಬಾಗಿಲು ತೆಗೆದಿಡಿ, ನಾನು ಆಟೋ ಹತ್ತಿ ಬಂದೆ.”