ಶಾಂತಾರಾಮ ಮಾಡಿದ ಬಾಣಂತನ

ಕೋಡಿಬಾಗದ ಶಾಂತಾರಾಮ ಮೂವತ್ತೊಂದು ವರ್ಷ ಬೈತಖೋಲ ಬಂದರಿನ ಮೀನು ಬೋಟುಗಳಲ್ಲಿ ಅಡುಗೆ ಮಾಡಿದವನು. ಬಲೆ ಎಳೆಯುವವನಿಗೆ ಇರುವ ಮರ್ಯಾದೆ ಬೋಟಿನ ಅಡುಗೆಯವನಿಗೆ ಇರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಅವನ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಬೋಟು ಹೊಯ್ದಾಡುವಾಗ ಮೊಣಕಾಲಿನಿಂದ ಸ್ಟೋವನ್ನು ಒತ್ತಿ ಹಿಡಿದು ಒಂದೇ ಕೈಯಲ್ಲಿ ಅನ್ನ ಬಸಿಯುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಇಂಥ ಮನುಷ್ಯ ಐವತ್ತೆಂಟನೆಯ ವಯಸ್ಸಿನಲ್ಲಿ, ಎರಡು ಸಾವಿರದ ಆರನೇ ಇಸವಿಯ ಜನವರಿಯಲ್ಲಿ, ಮಸ್ಕತ್ತಿನಲ್ಲಿದ್ದ ಮಗಳ ಬಾಣಂತನ ಮಾಡುತ್ತೇನೆಂದು ಹೊರಟು ನಿಂತ. ಕೋಡಿಬಾಗ ನಗದೆ ಇದ್ದೀತೇ? ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬೇರೆ ದಾರಿ ಇರಲಿಲ್ಲ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಳಿಯ ರೂಪೇಶ ಅಂಕೋಲೆಯ ಹಾರವಾಡದವನು, ಮಸ್ಕತ್ತಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪಿನ ಹೆಡ್ ಮೆಕ್ಯಾನಿಕ್. ಅವನ ತಾಯಿ ಹೀರಾಬಾಯಿಗೆ ಎರಡೂ ಮೊಣಕಾಲು ಕೈಕೊಟ್ಟಿದ್ದವು, ಮನೆಯ ಮೆಟ್ಟಿಲು ಇಳಿಯುವುದೇ ಕಷ್ಟ, ವಿಮಾನದ ಮೆಟ್ಟಿಲು ಎಲ್ಲಿಂದ ಹತ್ತಿಯಾಳು? ಮೂರನೆಯ ಹೆರಿಗೆಗೆ ಸೊಸೆ ಮೊದಲೆರಡರಂತೆ ಊರಿಗೇ ಬರಲಿ ಎಂದು ಆಕೆ ಹಟ ಹಿಡಿದಿದ್ದಳು. ಶಾಂತಾರಾಮನಿಗೂ ಅದೇ ಸರಿ ಎನಿಸಿ ಮಗಳಿಗೆ ಫೋನಿನಲ್ಲಿ ಹೇಳಿಯೂ ಹೇಳಿದ.

ಮಗಳು ಚಂದನಾ ಒಪ್ಪಲಿಲ್ಲ. "ಆರು ವರ್ಷ ಅವರು ಅಲ್ಲಿ, ನಾವು ಇಲ್ಲಿ ಆಗಿತ್ತು ಬಾಬಾ. ಗಣು ಹುಟ್ಟಿ ಏಳು ತಿಂಗಳಿಗೆ ಅಪ್ಪನ ಮುಖ ಕಂಡ. ಈಗ ಒಂದು ವರ್ಷ ಆಯ್ತು, ಎಲ್ಲಾರೂ ಒಂದೇ ಮನೇಲಿ ಇದ್ದೇವೆ. ಮಾನಸಾ ಒಂದನೇತ್ತಿ ಶಾಲೆಗೆ ಹೋಗ್ತಾಳೆ. ಒಂದು ಸಲ ಊರಿಗೆ ಬಂದ್ರೆ ತಿರುಗಿ ಹೊರಡೂದು ಯಾವಾಗ? ನೀ ಹತ್ತು ದಿನ ಸಮುದ್ರದಲ್ಲಿ, ಎರಡು ದಿನ ಮನೇಲಿ. ನಾ ನಿನ್ನ ಮುಖಕ್ಕಿಂತ ಬೆನ್ನು ಕಂಡದ್ದೇ ಹೆಚ್ಚು. ನನ್ನ ಮಕ್ಕಳಿಗೆ ಅದು ಬೇಡ."

ಸಿಟ್ಟಿನಲ್ಲಿ ಹೇಳಿದ ಮಾತಾಗಿದ್ದರೆ ಶಾಂತಾರಾಮ ತಿರುಗಿ ಬೈಯುತ್ತಿದ್ದ. ಅವಳು ಲೆಕ್ಕದ ಮೇಷ್ಟ್ರು ಮಗ್ಗಿ ಹೇಳಿದಂತೆ ಸಲೀಸಾಗಿ ಹೇಳಿದ್ದಳು, ಅದಕ್ಕೇ ಅದು ನಾಟಿತು. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ತಾನೇ ಫೋನು ಮಾಡಿ, "ನಾ ಬರ್ತೆ. ಬಾಳಂತನ ನಾನೇ ಮಾಡ್ತೆ" ಅಂದ.

ಸುದ್ದಿ ಕೇಳಿ ಹೀರಾಬಾಯಿ ಅವನನ್ನು ಹಾರವಾಡಕ್ಕೆ ಕರೆಸಿಕೊಂಡಳು. "ಗಂಡಸಿಗ್ಯಾಕೆ ಗೌರಿ ದುಃಖ, ಭಾವಾ? ಬಂಗಡೆ ಸಾರು ಕುದಿಸಿದಂಗಲ್ಲ ಬಾಳಂತನ" ಅಂದಳು. ಕೊನೆಗೆ ಫೋನಿನಲ್ಲಿ ಮಗನಿಂದ ಒಂದು ಮಾತು ತೆಗೆದುಕೊಂಡಳು: ಅಲ್ಲಿ ಕೂಸಿಗೋ ತಾಯಿಗೋ ಸ್ವಲ್ಪ ಹೆಚ್ಚುಕಡಿಮೆಯಾದರೂ ಎಲ್ಲರನ್ನೂ ಊರಿಗೆ ಕಳಿಸಬೇಕು, ಮತ್ತೆ ಚಂದನಾಳ ಮಾತು ಕೇಳಕೂಡದು.

ಕೋಡಿಬಾಗದ ಅರ್ಧ ಮಕ್ಕಳನ್ನು ಮೀಯಿಸಿದ ಹೊನ್ನಕ್ಕ ಶಾಂತಾರಾಮನ ನೆರೆಯವಳು. ಒಂದು ತಿಂಗಳು ಅವನು ಅವಳ ಜಗುಲಿಯಲ್ಲಿ ಪಾಠಕ್ಕೆ ಕೂತ. ತನ್ನ ಕೂಸನ್ನು ಇವನ ಕೈಗೆ ಕೊಟ್ಟು ಕಲಿಸಲು ಯಾವ ತಾಯಿಯೂ ಮುಂದೆ ಬರಲಿಲ್ಲ, ಬರುವುದೂ ಇಲ್ಲ. ಹೊನ್ನಕ್ಕ ಒಂದು ಮೂರು ಕಿಲೋ ಇಸ್ವಾಣ ಮೀನಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅವನ ಚಾಚಿದ ಕಾಲ ಮೇಲೆ ಮಲಗಿಸಿ, "ಇದನ್ನ ಜಾರಿಸದೆ ಮೀಯಿಸಿದ್ರೆ ಕೂಸನ್ನ ಜಾರಿಸೂದಿಲ್ಲ" ಅಂದಳು. ಮೊದಲ ದಿನ ಮೀನು ಅಂಗಳಕ್ಕೆ ಹಾರಿತು. ನಾಲ್ಕನೆಯ ದಿನದ ಹೊತ್ತಿಗೆ ಅದರ ತಲೆ ಅವನ ಅಂಗೈ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಬೇಲಿಯಾಚೆ ನಿಂತು ನೋಡುತ್ತಿದ್ದವರಿಗೆ ಅಷ್ಟು ದಿನ ಬೇರೆ ಕೆಲಸವೇ ಇರಲಿಲ್ಲ.

ಮಸ್ಕತ್ತಿನ ಮತ್ರಾದಲ್ಲಿ ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಶಾಂತಾರಾಮ ಹೋಗಿ ಹತ್ತನೆಯ ದಿನಕ್ಕೆ ಹೆರಿಗೆಯಾಯಿತು, ಹೆಣ್ಣು ಕೂಸು, ಎರಡು ಕಿಲೋ ಏಳುನೂರು ಗ್ರಾಮು. ಮನೆಗೆ ಬಂದ ಮೊದಲ ಬೆಳಿಗ್ಗೆ ಅವನು ಬಚ್ಚಲಿನ ಟೈಲ್ಸಿನ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಹದವಾದ ನೀರು ಹೊಯ್ದ. ಆರು ವರ್ಷದ ಮಾನಸಾ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ಇನ್‌ಸ್ಪೆಕ್ಟರಂತೆ ನಿಂತಿದ್ದಳು.

"ಆಜೋ, ಕಿವಿಗೆ ನೀರು ಹೋಗ್ತದೆ."

"ಹೋಗೂದಿಲ್ಲ, ನೀ ಸುಮ್ನಿರು."

ಕೂಸು ಅಳಲೇ ಇಲ್ಲ. ಮಿಂದು ಬೆಚ್ಚಗೆ ಸುತ್ತಿಸಿಕೊಂಡು ನಿದ್ದೆ ಹೋಯಿತು. ಶಾಂತಾರಾಮನಿಗೆ ತಾನು ಗೆದ್ದೇ ಬಿಟ್ಟೆ ಅನ್ನಿಸಿತು. ಅಲ್ಲೇ ಅವನು ಎಡವಿದ್ದು.

ಆರನೆಯ ದಿನ ಆಸ್ಪತ್ರೆಯಲ್ಲಿ ಕೂಸನ್ನು ತೂಗಿದರು. ಎರಡು ಕಿಲೋ ನಾನೂರು. ಹುಟ್ಟಿದ ಕೂಸು ಮೊದಲು ಸ್ವಲ್ಪ ಇಳಿಯುತ್ತದೆ, ಆದರೆ ಇಷ್ಟು ಇಳಿಯಬಾರದು, ತಾಯಿಯ ಹಾಲು ಸಾಲುತ್ತಿಲ್ಲ ಎಂದಳು ಮಲಯಾಳಿ ನರ್ಸು. ಎಂಟು ದಿನ ಬಿಟ್ಟು ಬನ್ನಿ, ಹುಟ್ಟಿದಾಗಿನ ತೂಕಕ್ಕೆ ಬಂದಿರದಿದ್ದರೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ ಎಂದಳು.

ಮನೆಗೆ ಬಂದು ರೂಪೇಶ ಚಪ್ಪಲಿ ಬಿಡುವ ಮೊದಲೇ ಹೇಳಿದ, "ಮಾಮಾ, ಎಂಟು ದಿನ ನೋಡ್ತೆ. ತೂಕ ಏರದಿದ್ರೆ ಕೂಸಿನ ಪಾಸ್‌ಪೋರ್ಟ್ ಮಾಡಿಸಿ ಎಲ್ಲಾರನ್ನೂ ಊರಿಗೆ ಕಳಿಸ್ತೆ. ಅಲ್ಲಿ ಹೆಂಗಸರು ಇದ್ದಾರೆ." ಕೆಟ್ಟವನಲ್ಲ ರೂಪೇಶ. ಹೆದರಿದ್ದ, ಅಷ್ಟೇ. ಹೇಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಚಂದನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಪ್ಪಿದ್ದು ಎಲ್ಲಿ ಎಂಬುದು ಶಾಂತಾರಾಮನಿಗೆ ತಿಳಿಯಲೇ ಇಲ್ಲ. ಅಡುಗೆಯಲ್ಲಿ ಕೊರತೆ ಮಾಡಿರಲಿಲ್ಲ. ಮಗಳು ಹಾಲೂಡಿಸುವ ಕೋಣೆಗೆ ಕಾಲಿಡಲು ನಾಚಿಕೆ, ಕೇಳಲು ಇನ್ನೂ ನಾಚಿಕೆ. ತಾಯಿ ಇದ್ದಿದ್ದರೆ ಮಗಳು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದ ಸಂಗತಿ ಅಪ್ಪನ ಎದುರಿಗೆ ಗಂಟಲಲ್ಲೇ ಉಳಿಯುತ್ತಿತ್ತು. ಅಪ್ಪ ಬಾಗಿಲ ಹೊರಗೆ, ಮಗಳು ಒಳಗೆ, ನಡುವೆ ಹಸಿದ ಕೂಸು. ಹೀಗೆ ಆರು ದಿನ ಕಳೆದಿದ್ದರು ಇಬ್ಬರೂ.

ಆ ಸಂಜೆಯೇ ಅವನು ಕಾರ್ಡು ಕೊಂಡು ಬೀದಿಯ ಟೆಲಿಫೋನಿನಿಂದ ಕೋಡಿಬಾಗದ ಮಧುಕರನ ಕಿರಾಣಿ ಅಂಗಡಿಗೆ ಫೋನು ಹಚ್ಚಿ, ಹೊನ್ನಕ್ಕನನ್ನು ಕರೆಸಿದ. ಬೆನ್ನ ಹಿಂದೆ ಆರೇಳು ಜನರ ಸಾಲು.

"ಹೊನ್ನಕ್ಕಾ, ಚಂದನಾಳ ಹಾಲು ಸಾಲ್ತಾ ಇಲ್ಲ" ಎಂದು ಪಿಸುಗುಟ್ಟಿದ.

"ಎಂತಾ? ಕೇಳೂದಿಲ್ಲ. ದೊಡ್ಡಕ್ಕೆ ಹೇಳು."

"ಹಾಲು, ಹಾಲು."

"ಹಾಲು ಎಂತಾ? ಒಡೀತಾ?"

ನಾಚಿಕೆ ಬಿಟ್ಟವ ಊರಿಗೇ ದೊಡ್ಡವ ಅನ್ನುತ್ತಾರೆ. ಶಾಂತಾರಾಮ ಆ ಹೊತ್ತಿಗೆ ಇಡೀ ಮತ್ರಾಕ್ಕೇ ದೊಡ್ಡವನಾದ. ಗಾಳಿ ಎದ್ದಾಗ ಒಂದು ಬೋಟಿನಿಂದ ಇನ್ನೊಂದಕ್ಕೆ ಕೂಗುವ ಗಂಟಲಿನಲ್ಲಿ, "ಮಗಳ ಎದೆಹಾಲು ಕೂಸಿಗೆ ಸಾಲ್ತಾ ಇಲ್ಲ" ಎಂದು ಕೂಗಿದ. ಹಿಂದಿನ ಸಾಲಿನವರೆಲ್ಲ ಒಮ್ಮೆಲೇ ಅವನತ್ತ ತಿರುಗಿದರು.

ಹೊನ್ನಕ್ಕ ಸಾವಕಾಶ ವಿಚಾರಣೆಗೆ ಇಳಿದಳು. "ಅವಳು ಉಣ್ಣೂದು ಯಾವಾಗ?"

"ಎಲ್ಲಾರದ್ದೂ ಆದ ಮೇಲೆ."

"ಬಡಿಸೂದು ಯಾರು?"

"ನಾನೇ. ಮೊದ್ಲು ಅಳಿಯಂದಿರಿಗೆ, ಆಮೇಲೆ ಮಕ್ಕಳಿಗೆ, ಆಮೇಲೆ ಅವಳಿಗೆ."

"ಬೋಟಲ್ಲಿ ಮೊದಲು ಯಾರಿಗೆ ಬಡಿಸ್ತಿದ್ದೆ?"

"ತಾಂಡೇಲನಿಗೆ." ತಾಂಡೇಲನೆಂದರೆ ಬೋಟು ನಡೆಸುವವನು, ಮುಖ್ಯಸ್ಥ. ಮೊದಲ ಬಿಸಿ ತಟ್ಟೆ, ಒಳ್ಳೆಯ ತುಂಡು ಅವನಿಗೆ. ಇದು ಯಾವ ಬೋಟಿನಲ್ಲೂ ತಪ್ಪದ ಕಟ್ಟಳೆ.

"ಹಂಗಾದ್ರೆ ಬಾಳಂತಿ ಮನೇಲಿ ತಾಂಡೇಲ ಯಾರು, ಹೇಳು ನೋಡುವಾ."

ಅಷ್ಟು ದಿನ ಶಾಂತಾರಾಮ ಮಗಳಿಗೆ ಬಡಿಸಿದ್ದು ತಳದ ಆರಿದ ಅನ್ನ, ಸಾರಿನ ಕೊನೆಯ ಸೌಟು. ಅವಳೂ ಎದ್ದು ಮಾನಸಾಳ ಜಡೆ ಹಾಕಿ, ಗಣುವಿಗೆ ತುತ್ತಿಟ್ಟು, ಗಂಡನ ತಟ್ಟೆ ತೊಳೆದು ಆಮೇಲೆ ಕೂರುತ್ತಿದ್ದಳು. ಕಣ್ಣೆದುರೇ ನಡೆದದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲೇ ಫೋನಿನ ಎದುರು ನಿಂತು ತನಗೆ ತಾನೇ ಬೈದುಕೊಂಡ.

"ಬೈಕೊಳ್ಳೂದು ಆಮೇಲೆ, ಮೊದಲು ಕೇಳು" ಅಂದಳು ಹೊನ್ನಕ್ಕ. "ಸಣ್ಣ ಮೋರಿ ಮೀನು ತಾ. ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಮಾಡು, ಒಣಮೆಣಸು ಮುಟ್ಟಬೇಡ. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ ಉಣ್ಣಿಸು. ಉಂಡ ಮೇಲೆ ಮಲಗ್ಲಿ. ಕೂಸು ಬಾಯಿ ತೆರೆದಾಗೆಲ್ಲಾ ಹಾಲಿಗೆ ಹಾಕ್ಲಿ, ಹೊತ್ತು ನೋಡೂದು ಬೇಡ. ದೊಡ್ಡವೆರಡನ್ನೂ ನೀ ನೋಡ್ಕೋ."

ಫೋನಿಟ್ಟು ತಿರುಗಿದರೆ ಸಾಲಿನಲ್ಲಿದ್ದ ಭಟ್ಕಳದ ಹಿರಿಯರೊಬ್ಬರು ನಗದೆ, ಗಂಭೀರವಾಗಿ ಹೇಳಿದರು: "ಮೋರಿ ಬೇಕಾದ್ರೆ ಬೆಳಿಗ್ಗೆ ಆರಕ್ಕೇ ಹೋಗಿ. ಎಂಟಕ್ಕೆಲ್ಲಾ ಖಾಲಿ ಆಗ್ತದೆ."

ಶಾಂತಾರಾಮ ಮನೆಗೆ ಬಂದವನೇ ಮಗಳ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದ. "ನಾ ಹೊರಗೆ ನಿಂತು ಬಾಳಂತನ ಮಾಡ್ತೆ ಅಂದ್ಕೊಂಡಿದ್ದೆ. ತಪ್ಪಾಯ್ತು. ಇನ್ನು ಹಾಲಿನ ಸಂಗತಿ ನೀ ನನಗೇ ಹೇಳೂದು" ಅಂದ. ಚಂದನಾ ಅತ್ತಳು. ಅತ್ತು ಮುಗಿಸಿ, ಬಲಗಡೆ ಕೂಸು ಸರಿಯಾಗಿ ಹಿಡಿಯುತ್ತಿಲ್ಲ, ಕಟ್ಟಿಕೊಂಡು ನೋಯುತ್ತದೆ, ಮೂರು ದಿನದಿಂದ ನಿದ್ದೆ ಇಲ್ಲ ಎಂದೆಲ್ಲ ಹೇಳಿದಳು. ಅವನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಕಾವಿಗೆ ಕೊಟ್ಟ. ಅಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಬೇಕಾಯಿತಲ್ಲ ಎಂದು ಅವನಿಗೆ ತನ್ನ ಮೇಲೆ ಸಿಟ್ಟೂ ಬಂತು, ಎದೆಯ ಭಾರವೂ ಇಳಿಯಿತು.

ಮರುದಿನ ಆರು ಹೊಡೆಯುವ ಮೊದಲೇ ಮತ್ರಾದ ಮೀನು ಮಾರುಕಟ್ಟೆಯಲ್ಲಿದ್ದ. ಭಾಷೆ ಬಾರದ ಊರಿನಲ್ಲಿ ಅವನಿಗೆ ಪೂರ್ತಿ ಅರ್ಥವಾಗುವ ಜಾಗ ಅದೊಂದೇ. ಅರಬ್ಬಿ ಮುದುಕನೊಬ್ಬನ ಬುಟ್ಟಿಯಲ್ಲಿ ಮೊಳದುದ್ದದ ಮೋರಿಗಳು, ಅಂದರೆ ಶಾರ್ಕಿನ ಮರಿಗಳು, ಇದ್ದವು. ಮೂಸಿದ, ಹಳತಾದರೆ ಮೂಗಿಗೆ ಹೊಡೆಯುವ ಆ ಘಾಟು ಇರಲಿಲ್ಲ. ಇವನು ಕಿವಿರು ಬಿಡಿಸಿ ನೋಡುವ ರೀತಿ ಕಂಡೇ ಮುದುಕ ತಳದಲ್ಲಿದ್ದ ಇನ್ನೂ ಒಳ್ಳೆಯದನ್ನು ಎತ್ತಿ ಕೊಟ್ಟ. ಮನೆಯಲ್ಲಿ ಬಿಸಿನೀರು ಹೊಯ್ದು, ಮರಳು ಕಾಗದದಂಥ ಚರ್ಮವನ್ನು ನಾರಿನಿಂದ ತಿಕ್ಕಿ ತೆಗೆದು, ಮೆಣಸು ಬೆಳ್ಳುಳ್ಳಿಯ ಸಾರು ಮಾಡಿದ.

ಮಧ್ಯಾಹ್ನ ರೂಪೇಶ ಊಟಕ್ಕೆ ಬಂದು ಕೈತೊಳೆದು ಕೂತ. ಮಾವ ಹಬೆಯಾಡುವ ತಟ್ಟೆ ಹಿಡಿದು ಅವನನ್ನು ದಾಟಿ ಸೀದಾ ಒಳಕೋಣೆಗೆ ಹೋದ. ಚಂದನಾ ಉಂಡು ಮುಗಿಸುವವರೆಗೆ ಎದುರಿಗೇ ಕೂತಿದ್ದ. ಆಮೇಲೆ ಮಕ್ಕಳು. ಅಳಿಯನ ಪಾಲಿಗೆ ಬಾಲದ ತುಂಡು ಬಂತು.

"ಇನ್ನು ಹೀಗೇ" ಅಂದ ಶಾಂತಾರಾಮ.

ರೂಪೇಶ ಬಾಲವನ್ನೊಮ್ಮೆ, ಮಾವನನ್ನೊಮ್ಮೆ ನೋಡಿ ಉಂಡ. ಮರುದಿನದಿಂದ ತನ್ನ ತಟ್ಟೆಯನ್ನು ತಾನೇ ತೊಳೆದ.

ಆ ಎಂಟು ದಿನ ಶಾಂತಾರಾಮ ಕಾಲು ಮಡಚಿ ಕೂತದ್ದಿಲ್ಲ. ಬೋಟಿನ ಗಂಟೆಯಂತೆ ಎರಡೂವರೆ ತಾಸಿಗೊಮ್ಮೆ ತಟ್ಟೆ ಒಳಗೆ ಹೋಗುತ್ತಿತ್ತು: ಗಂಜಿ, ಮೋರಿ ಸಾರು, ಮೆಂತೆ ಹಾಕಿದ ಪಾಯಸ. ಮಾನಸಾಳಿಗೆ ಜಡೆ ಹಾಕಲು ಕಲಿತ. ಬಲೆಯ ಗಂಟು ಬಲ್ಲ ಕೈಗೆ ಮೂರೆಳೆ ಯಾವ ಲೆಕ್ಕ? ಆ ಜಡೆ ಶಾಲೆ ಬಿಟ್ಟರೂ ಸಡಿಲುತ್ತಿರಲಿಲ್ಲ, ಬಿಚ್ಚಲು ಮಾತ್ರ ಅವಳು ಅರ್ಧ ತಾಸು ಅಳುತ್ತಿದ್ದಳು. ತಾಯಿಯ ಮಂಚದ ಮೇಲೆ ಹಾರಿ ಕೂಸನ್ನು ಎಬ್ಬಿಸುತ್ತಿದ್ದ ಮೂರು ವರ್ಷದ ಗಣುವನ್ನು ಹೆಗಲ ಮೇಲೆ ಹೊತ್ತು ಸಮುದ್ರದ ದಂಡೆಗೆ ಒಯ್ದು, ಬಂದ ಬೋಟು ಹೋದ ಬೋಟು ತೋರಿಸುತ್ತ ಸುಸ್ತಾಗುವಷ್ಟು ಓಡಿಸುತ್ತಿದ್ದ. ಅಷ್ಟು ಹೊತ್ತು ಚಂದನಾ ಮಲಗುತ್ತಿದ್ದಳು. ನಾಲ್ಕನೆಯ ದಿನ, "ಬಾಬಾ, ಹಾಲು ಇಳೀತಾ ಅದೆ, ರವಿಕೆ ಒದ್ದೆ" ಎಂದು ಒಳಗಿನಿಂದಲೇ ಕೂಗಿ ಹೇಳಿದಳು. ಅವನು ಒಲೆಯ ಮುಂದೆ ನಿಂತಲ್ಲೇ ಕುಣಿಯುವುದೊಂದು ಬಾಕಿ.

ಹದಿನಾಲ್ಕನೆಯ ದಿನ ಎಲ್ಲರೂ ಆಸ್ಪತ್ರೆಗೆ ಹೋದರು. ನರ್ಸು ಕೂಸಿನ ಬಟ್ಟೆ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಿದಳು. ಅಂಕಿಗಳು ಕುಣಿದು ನಿಂತವು. ಎರಡು ಕಿಲೋ ಎಂಟುನೂರ ಹತ್ತು.

"ಇನ್ನೊಂದು ಸಲ ತೂಗಿ" ಅಂದ ಶಾಂತಾರಾಮ ಹಿಂದಿಯಲ್ಲಿ. ಮೂವತ್ತೊಂದು ವರ್ಷ ಬಂದರಿನಲ್ಲಿ ಮೀನಿನ ತಕ್ಕಡಿ ನೋಡಿದವನು, ಯಂತ್ರವನ್ನು ಒಂದೇ ಸಲಕ್ಕೆ ನಂಬುವ ಪೈಕಿಯಲ್ಲ. ನರ್ಸು ನಕ್ಕು ಕೂಸನ್ನು ಎತ್ತಿ, ಸೊನ್ನೆ ತೋರಿಸಿ, ಮತ್ತೆ ಮಲಗಿಸಿದಳು. ಎರಡು ಕಿಲೋ ಎಂಟುನೂರ ಹತ್ತು. ಕೂಸು ಕೈಕಾಲು ಆಡಿಸಿ ಅಲ್ಲೇ ಉಚ್ಚೆ ಹೊಯ್ದಿತು.

"ಅಜ್ಜಿ ಯಾರು, ಊರಿನಿಂದ ಬಂದಿದ್ದಾರಾ? ಚೆನ್ನಾಗಿ ನೋಡಿಕೊಂಡಿದ್ದಾರೆ" ಎಂದಳು ನರ್ಸು. ಚಂದನಾ ಅಪ್ಪನ ಕಡೆಗೆ ಕೈ ತೋರಿಸಿದಳು. ನರ್ಸು ಅವನ ಬಿಳಿ ಮೀಸೆಯನ್ನು ನೋಡಿದಳು, ಪಕ್ಕದ ಕೋಣೆಯ ನರ್ಸನ್ನೂ ನೋಡಲು ಕರೆದಳು.

ರೂಪೇಶ ಕಾರಿಡಾರಿಗೆ ಹೋಗಿ ತಾಯಿಗೆ ಫೋನು ಮಾಡಿ ಬಂದ. "ಮಾಮಾ, ಟಿಕೆಟ್ ಒಂದೇ ಮಾಡಿಸ್ತೆ, ನಿಮ್ಮದು. ಅದೂ ನಿಮ್ಮ ವೀಸಾ ಮುಗಿಯೂ ದಿನಕ್ಕೆ" ಅಂದ. ಮಾನಸಾ ಅಪ್ಪನ ಬೆರಳು ಹಿಡಿದು ಜೋತುಬಿದ್ದಳು, ಗಣು ಇನ್ನೊಂದು ಬೆರಳಿಗೆ. ಶಾಂತಾರಾಮನಿಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು. ಅವನು ಅದನ್ನು ಅಡಗಿಸಲು ಹೋಗಲಿಲ್ಲ.

ಕೂಸಿಗೆ ಬಟ್ಟೆ ತೊಡಿಸುತ್ತ ಚಂದನಾ ಕೇಳಿದಳು, "ಬಾಬಾ, ನಾ ಹುಟ್ಟಿದಾಗ ನನ್ನ ತೂಕ ಎಷ್ಟಿತ್ತು?"

"ಗೊತ್ತಿಲ್ಲ ಬಾಯೀ. ನೀ ಹುಟ್ಟಿದ್ದು ಅಜ್ಜಿಮನೇಲಿ, ನಾ ನೋಡೂಕೆ ಬಂದಾಗ ನೀ ಮಗ್ಗುಲು ಹೊರಳ್ತಿದ್ದೆ" ಅಂದ ಶಾಂತಾರಾಮ. ಆಮೇಲೆ ಕೂಸನ್ನು ಅವಳ ಕೈಯಿಂದ ಎತ್ತಿಕೊಂಡು, "ಇದರದ್ದು ಕೇಳು, ಹೇಳ್ತೆ" ಅಂದ.