ಕೂಸಿಗಿಂತ ಮೊದಲು ಹೊಲಿದ ಕುಲಾವಿ

ಗುರುವಾರ ಬೆಳಗ್ಗೆ ಪೇಪರು ಬಂದರೆ ಜೇಬಕ್ಕ ಮೊದಲ ಪುಟವನ್ನು ನೋಡುತ್ತಿರಲಿಲ್ಲ. ಯಾವ ಸರ್ಕಾರ ಬಿತ್ತು, ಯಾವುದು ಎದ್ದಿತು ಎಂಬುದು ಅವಳ ಗಂಡನ ಪಾಲು. ಅವಳದು ಒಳಗಿನ ಪುರವಣಿ. ಅದರ ಕೊನೆಯ ಪುಟದಲ್ಲಿ ‘ಅಂಗೈಯೊಳಗಿನ ಯಂತ್ರ’ ಎಂಬ ಅಂಕಣ ಬರುತ್ತಿತ್ತು. ಹೊಸ ಹಾಡಿನ ಪ್ಲೇಯರು, ಹೊಸ ಫೋನು, ಪುಸ್ತಕ ಓದುವ ಯಂತ್ರ, ಹೀಗೆ ಕೈಯಲ್ಲಿ ಹಿಡಿಯುವ ಎಲ್ಲದರ ಸುದ್ದಿ ಅದರಲ್ಲಿ ಇರುತ್ತಿತ್ತು. ಯಾವುದರಲ್ಲಿ ಎಷ್ಟು ಹಾಡು ಹಿಡಿಸುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನೆಲ್ಲ ಅವಳು ಮೊರದಲ್ಲಿ ಕಲ್ಲು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿ, ತನಗೆ ಬೇಕಾದ ಕಾಳನ್ನಷ್ಟೇ ಹೆಕ್ಕುತ್ತಿದ್ದಳು. ಉದ್ದ ಎಷ್ಟು, ಅಗಲ ಎಷ್ಟು?

ಯಾಕೆಂದರೆ ಅವಳು ಆ ಯಂತ್ರಗಳಿಗೆ ಅಂಗಿ ಹೊಲಿಯುವವಳು.

ಇದೆಲ್ಲ ಶುರುವಾದದ್ದು ಅತ್ತೆಯಿಂದ. ಅತ್ತೆ ಒಂದು ಕಾಲಕ್ಕೆ ಆ ಬೀದಿಯ ಗಂಡಸರಿಗೆಲ್ಲ ಪ್ಯಾಂಟು ಹೊಲಿದುಕೊಟ್ಟವರು. ಕಣ್ಣು ಮಂಜಾದ ಮೇಲೆ ಮೆಷಿನ್ನನ್ನು ಸೊಸೆಗೆ ಬಿಟ್ಟುಕೊಟ್ಟು, ಮಗ ತಂದುಕೊಟ್ಟ ಹಾಡಿನ ಪ್ಲೇಯರಿಗೆ ಕಿವಿ ಕೊಟ್ಟು ಕೂತಿದ್ದರು. ಬೆಂಕಿಪೊಟ್ಟಣದಷ್ಟಿದ್ದ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಟ್ಟೆ ಒಗೆಯಲು ಬಗ್ಗಿದಾಗ ಒಂದು ದಿನ ಅದು ಬಕೆಟ್ಟಿಗೆ ಬಿತ್ತು. ಬಿಸಿಲಲ್ಲಿ ಒಣಗಿಸಿದ ಮೇಲೆ ಹೇಗೋ ಮತ್ತೆ ಹಾಡಿತು, ಆದರೆ ಎಲ್ಲ ಗಾಯಕರಿಗೂ ನೆಗಡಿಯಾದಂತೆ ಕೇಳಿಸುತ್ತಿತ್ತು. ಅವತ್ತೇ ಸೊಸೆ ಉಳಿಕೆ ಬಟ್ಟೆಯಲ್ಲಿ ಜೇಬಿನಂಥ ಪುಟ್ಟ ಚೀಲವೊಂದನ್ನು ಹೊಲಿದು, ದಾರ ಕಟ್ಟಿ ಅತ್ತೆಯ ಕೊರಳಿಗೆ ಹಾಕಿದಳು. ಪಕ್ಕದ ಮನೆಯವರು ನೋಡಿ ತಮಗೂ ಬೇಕೆಂದರು. ಅವರನ್ನು ನೋಡಿ ಎದುರು ಮನೆಯವರು ಕೇಳಿದರು. ವರ್ಷ ತುಂಬುವುದರೊಳಗೆ ಅವಳಿಗೆ ಜೇಬಕ್ಕ ಎಂಬ ಹೆಸರೇ ನಿಂತುಬಿಟ್ಟಿತು.

ಜೇಬಕ್ಕನಿಗೆ ಇದ್ದದ್ದು ಒಂದೇ ಆಸೆ, ದೊಡ್ಡ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನ ಕಪಾಟು. ಅದರೊಳಗೆ ಬಿಳಿ ದೀಪದ ಕೆಳಗೆ ರಬ್ಬರಿನ ಕವರುಗಳು ಮದುಮಕ್ಕಳ ಹಾಗೆ ಕೂತಿರುತ್ತಿದ್ದವು. ಅವಳ ಕವರುಗಳು ಮನೆಯ ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ತೂಗುತ್ತಿದ್ದವು. ಉಳಿದ ಹೊತ್ತು ಅವಳು ಒಂದು ಗಾರ್ಮೆಂಟ್ಸಿಗೆ ಅಂಗಿಯ ಕಾಲರು ಹೊಲಿದುಕೊಡುತ್ತಿದ್ದಳು. ಯಾರ ಅಂಗಿಯೋ, ಯಾರ ಕತ್ತೋ, ಉಳಿದ ಅಂಗಿಯನ್ನು ಅವಳು ಕಂಡದ್ದೇ ಇಲ್ಲ. ಮೊದಲಿಂದ ಕೊನೆಯವರೆಗೆ ತನ್ನದೇ ಹೊಲಿಗೆಯ ಒಂದು ವಸ್ತು ಆ ದೀಪದ ಕೆಳಗೆ ಕೂರಬೇಕು ಎಂದು ಅವಳಿಗೆ ಆಸೆ.

ಹಾಗಿರುವಾಗ ಅಂಗಡಿಯ ಯಜಮಾನ ಒಂದು ದಿನ ತಾನಾಗಿಯೇ ಕರೆದ.

“ಅಕ್ಕಾ, ಪುಸ್ತಕ ಓದೋ ಹೊಸ ಯಂತ್ರ ಬರ್ತಾ ಇದೆ. ಅದರ ಕಂಪನಿ ಕವರು ಬರೋದು ತಡ ಆಗುತ್ತಂತೆ. ಮಾರಾಟ ಶುರುವಾಗೋ ದಿನ ನಿಮ್ಮ ಕವರು ರೆಡಿ ಇದ್ರೆ ಕಪಾಟಲ್ಲಿ ಇಡ್ತೀನಿ. ಇಲ್ಲಾಂದ್ರೆ ರಬ್ಬರಿನವನು ಬಾಗಿಲಲ್ಲೇ ಕಾದು ನಿಂತಿದ್ದಾನೆ, ನೋಡಿ ಮತ್ತೆ.”

ಆ ಗುರುವಾರದ ಅಂಕಣದಲ್ಲಿ ಅದರದೇ ಸುದ್ದಿ ಬಂದಿತ್ತು. ‘ಆರು ಇಂಚಿನ ಈ ಯಂತ್ರದಲ್ಲಿ ಸಾವಿರ ಪುಸ್ತಕ ಹಿಡಿಸುತ್ತದೆ’ ಎಂದು ಬರೆದಿತ್ತು. ಪಕ್ಕದಲ್ಲೊಂದು ಚಿತ್ರವೂ ಇತ್ತು. ಜೇಬಕ್ಕ ಟೇಪು ತಂದು ಚಿತ್ರದ ಮೇಲಿಟ್ಟು ಲೆಕ್ಕ ಹಾಕಿದಳು. ಉದ್ದ ಆರಿಂಚಾದರೆ ಅಗಲ ನಾಲ್ಕಿಂಚು.

“ಸಾವಿರ ಪುಸ್ತಕ ಒಳಗೆ ಹೋದ್ರೆ ಉಬ್ಬೋದಿಲ್ವೇನೇ?” ಎಂದು ಅತ್ತೆ ಕೇಳಿದರು. ಅವರ ಕಿವಿಯಲ್ಲಿ ಹಾಡಿತ್ತು. ಹಾಡು ಇದ್ದಾಗ ಅತ್ತೆ ಮಾತಾಡಿದರೆ ಬೀದಿಯ ಆ ತುದಿಯವರೂ ಉತ್ತರ ಕೊಡಬಹುದಿತ್ತು.

“ಉಬ್ಬೋದಿಲ್ಲ ಅತ್ತೆ. ಅದೇನು ನಿಮ್ಮ ಮಗನ ಹೊಟ್ಟೆನಾ?”

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡ ಕಣೇ. ವಸ್ತು ಕಣ್ಣಿಗೆ ಬೀಳ್ಲಿ, ಆಮೇಲೆ ಕತ್ತರಿ ಹಾಕು.”

“ಪೇಪರಲ್ಲೇ ಬಂದಿದೆಯಲ್ಲ ಅತ್ತೆ! ಅಚ್ಚಾಗಿದ್ದು ಸುಳ್ಳಾಗುತ್ತಾ?” ಎಂದವಳೇ ಜೇಬಕ್ಕ ದಪ್ಪ ನೀಲಿ ಬಟ್ಟೆಗೆ ಕತ್ತರಿ ಹಾಕಿದಳು. ಒಳಗೆ ಮೆತ್ತನೆಯ ಅಸ್ತರು ಕೊಟ್ಟು, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದಳು. ಒಂದು ವಾರ ಕಾಲರುಗಳು ಮೂಲೆಯಲ್ಲಿ ಬಿದ್ದಿದ್ದವು. ಒಂದು ಚೀಲದ ತುಂಬ ಕವರು ತಯಾರಾದವು.

ಶನಿವಾರ ಬೆಳಗ್ಗೆ ಅಂಗಡಿಯಿಂದ ಫೋನು ಬಂತು. ಸರಕು ಬಂದಿತ್ತು, ಸೋಮವಾರ ಮಾರಾಟ. ಜೇಬಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಚೀಲವನ್ನು ಮಗುವಿನ ಹಾಗೆ ಅವಚಿಕೊಂಡು ಹೋದಳು. ಯಜಮಾನ ಪೆಟ್ಟಿಗೆ ಬಿಚ್ಚಿ ಯಂತ್ರವನ್ನು ಹೊರಗೆ ತೆಗೆದ. ಪರದೆಯ ಕೆಳಗೆ ಗುಂಡಿಗಳ ಸಾಲು, ಸುತ್ತ ಬೆರಳಗಲದ ಅಂಚು. ಕವರಿನ ಬಾಯಿಗೆ ಇಟ್ಟರೆ ಒಂದು ಮೂಲೆ ಮಾತ್ರ ಒಳಗೆ ಹೋಯಿತು. ಉಳಿದದ್ದೆಲ್ಲ ಹೊರಗೇ ನಿಂತಿತು.

“ಇದೇನಕ್ಕಾ, ಅಂಗಿ ಕೇಳಿದ್ರೆ ಟೋಪಿ ಹೊಲ್ಕೊಂಡು ಬಂದಿದ್ದೀರಲ್ಲ!”

“ಆರಿಂಚು ಅಂತ ಬರೆದಿದ್ರು!”

“ಆರಿಂಚೇ. ಆದ್ರೆ ಅದು ಪರದೆ ಅಳತೆ ಅಕ್ಕಾ.” ಯಜಮಾನ ಪರದೆಯ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಓರೆಯಾಗಿ ಬೆರಳೆಳೆದ. “ಇಲ್ಲಿಂದ ಇಲ್ಲಿಗೆ. ಹೀಗೇ ಅಳೆಯೋದು.”

“ಓರೆಯಾಗಾ? ಯಾರ್ರೀ ಹಾಗೆ ಅಳೆಯೋರು? ಒಬ್ಬ ಮನುಷ್ಯನ ಎತ್ತರ ಎಷ್ಟು ಅಂತ ಕೇಳಿದ್ರೆ ಎಡಗಾಲಿಂದ ಬಲಭುಜಕ್ಕೆ ಟೇಪು ಹಿಡೀತಾರಾ?”

ಯಜಮಾನ ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಗಾಜಿನ ಕಪಾಟಿನಲ್ಲಿ ಕೆಳಗಿನ ಅಂತಸ್ತು ಖಾಲಿ ಇತ್ತು. ಅವಳಿಗೆಂದೇ ಒರೆಸಿಟ್ಟದ್ದು.

“ಸೋಮವಾರ ಬಾಗಿಲು ತೆಗೆಯೋ ಹೊತ್ತಿಗೆ ಸರಿ ಮಾಡಿ ತಂದ್ರೆ ಇಡ್ತೀನಿ. ಮಾತು ಅಂದ್ರೆ ಮಾತು. ಆಗ್ಲಿಲ್ಲ ಅಂದ್ರೆ ರಬ್ಬರಿನವನಿಗೆ ಹೇಳ್ತೀನಿ. ಬೇಜಾರು ಮಾಡ್ಕೋಬಾರದು.”

ಜೇಬಕ್ಕ ಕೊರಳಲ್ಲಿದ್ದ ಟೇಪು ತೆಗೆದು ಯಂತ್ರವನ್ನು ಎಲ್ಲ ಕಡೆಯಿಂದಲೂ ಅಳೆದಳು. ಉದ್ದ ಏಳೂವರೆ, ಅಗಲ ಐದು. ದಪ್ಪಕ್ಕೆ ಟೇಪನ್ನು ಸುತ್ತಿ ನೋಡಿದಳು. ಹೊಸದಾಗಿ ಹೊಲಿಯೋಣವೆಂದರೆ ಆ ನೀಲಿ ಬಟ್ಟೆ ಒಂದು ಗೇಣೂ ಉಳಿದಿರಲಿಲ್ಲ.

ಮನೆಗೆ ಬಂದು ಚೀಲವನ್ನು ಮೆಷಿನ್ನಿನ ಮೇಲೆ ಸುರಿದಾಗ ಅತ್ತೆ ಕಿವಿಯಿಂದ ಹಾಡು ತೆಗೆದರು. ಅದು ದೊಡ್ಡ ಮಾತು. ಊಟಕ್ಕೆ ಕರೆದರೂ ತೆಗೆಯುತ್ತಿರಲಿಲ್ಲ.

“ಹೇಳಿ ಅತ್ತೆ, ಕುಲಾವಿ ಅಂತ ಹೇಳಿ. ಹೇಳಿ ಮುಗಿಸಿಬಿಡಿ.”

“ಹೇಳಿದ್ದನ್ನೇ ಎಷ್ಟು ಸಲ ಹೇಳ್ಲಿ?” ಅತ್ತೆ ಒಂದು ಕವರನ್ನು ಕಣ್ಣಿನ ಹತ್ತಿರ ಹಿಡಿದು, ಹೊಲಿಗೆಯನ್ನು ಬೆರಳಿನಿಂದ ಸವರಿದರು. “ಹೊಲಿಗೆ ಗಟ್ಟಿ ಇದೆ. ಬಿಚ್ಚೋಕೆ ಕಷ್ಟ. ಅಲ್ವೇ, ನಿನ್ನ ಗಂಡನಿಗೆ ಡ್ರೈವರ್ ಕೆಲಸ ಸಿಕ್ಕಿ ಹೊಟ್ಟೆ ಬಂತಲ್ಲ, ಆಗ ನಾನು ಹೊಸ ಪ್ಯಾಂಟು ಹೊಲಿದ್ನಾ? ಸೊಂಟ ಬಿಚ್ಚಿ ನಡುವೆ ತುಂಡು ಕೊಟ್ಟೆ. ಇಡೀ ಬೀದಿಯ ಗಂಡಸರು ನಾನು ಕೊಟ್ಟ ತುಂಡಿನ ಮೇಲೇ ಮರ್ಯಾದೆಯಾಗಿ ಓಡಾಡಿದ್ರು.”

ಬಾಗಿಲಲ್ಲಿ ಬಸ್ಸಿನ ಸಮವಸ್ತ್ರದಲ್ಲಿ ನಿಂತಿದ್ದ ಗಂಡ ಹೊಟ್ಟೆ ಒಳಗೆಳೆದುಕೊಂಡು, “ನನ್ನ ಸುದ್ದಿ ಯಾಕೆ ಬಂತು?” ಎಂದ.

“ನೀನು ಒಳಗೆ ಬಾ. ಬ್ಲೇಡು ಹಿಡಿಯೋಕೆ ಬರುತ್ತಲ್ಲ? ಹೊಲಿಗೆ ಬಿಚ್ಚು. ಬಟ್ಟೆ ಕುಯ್ದೀಯ, ಜೋಕೆ!”

ಅತ್ತೆಯ ಹಳೆಯ ಟ್ರಂಕಿನಿಂದ ಹಳದಿ ಬಟ್ಟೆಯ ಸುರುಳಿ ಬಂತು. ಪ್ಯಾಂಟಿನ ಜೇಬಿನ ಒಳಬಟ್ಟೆಗೆಂದು ಒಮ್ಮೆ ತಂದು, ‘ಇಷ್ಟು ಹಳದಿ ಯಾಕಮ್ಮಾ’ ಎಂದು ಗಿರಾಕಿಗಳು ಗೊಣಗಿದ್ದರಿಂದ ಉಳಿದುಹೋದದ್ದು. ಗಂಡ ಬಿಚ್ಚಿದ, ಅತ್ತೆ ಬೆರಳಿನ ಅಂದಾಜಿನಲ್ಲೇ ಪಟ್ಟಿ ಮಡಿಸಿ ಕೊಟ್ಟರು, ಜೇಬಕ್ಕ ಹೊಲಿದಳು. ಮೂರು ಬದಿಗೂ ಹಳದಿ ಪಟ್ಟಿ, ಬಾಯಿಗೆ ಇನ್ನೊಂದು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮನೆಯ ನೆಲವೆಲ್ಲ ನೀಲಿ ದಾರದ ಎಳೆಗಳು. ಗಂಡ ಎರಡು ಕವರನ್ನು ಕುಯ್ದಿದ್ದ. ಅದಕ್ಕೆ ಅತ್ತೆ ಹೇಳಿದ ಮಾತು ಎದುರು ಮನೆಯವರಿಗೂ ಕೇಳಿಸಿತು, ಹಾಡು ಇಲ್ಲದೆಯೇ.

ಸೋಮವಾರ ಯಜಮಾನ ಕವರನ್ನು ತಿರುವಿ ಮುರುವಿ ನೋಡಿದ. ಯಂತ್ರ ಸಲೀಸಾಗಿ ಒಳಗೆ ಕೂತಿತು. ಆದರೂ ಅವನ ಮುಖ ಪೂರ್ತಿ ಅರಳಲಿಲ್ಲ.

“ಕೂತ್ಕೊಳ್ಳುತ್ತೆ ಸರಿ. ಆದ್ರೆ ಈ ಹಳದಿ... ಸ್ವಲ್ಪ ಕಣ್ಣಿಗೆ ಹೊಡೆಯಲ್ವಾ?”

ಕೊಟ್ಟ ಮಾತಿಗೆ ನಾಲ್ಕೈದನ್ನು ಕೆಳಗಿನ ಅಂತಸ್ತಿನಲ್ಲಿಟ್ಟು, ಉಳಿದದ್ದನ್ನು ಡ್ರಾಯರಿಗೆ ಹಾಕಿದ. ಜೇಬಕ್ಕ ಹೊರಗೆ ಹೋಗಿ, ಬಸ್ಸಿಗೆ ಕಾಯುವವಳ ಹಾಗೆ ನಿಂತು ಗಾಜಿನೊಳಗೆ ನೋಡುತ್ತಿದ್ದಳು. ಅವಳ ಗಂಡನದೇ ಬಸ್ಸು ಬಂದು ನಿಂತಿತು. ಹತ್ತಲಿಲ್ಲ, ಕೈಬೀಸಿ ಕಳಿಸಿದಳು.

ಮೊದಲ ಗಿರಾಕಿ ಯಂತ್ರ ಕೊಂಡ, ಕವರಿನ ಕಡೆ ತಿರುಗಿಯೂ ನೋಡಲಿಲ್ಲ. ಎರಡನೆಯವನು ನೋಡಿ, ರಬ್ಬರಿನದು ಯಾವಾಗ ಬರುತ್ತದೆ ಎಂದು ಕೇಳಿ ಹೋದ. ಆಮೇಲೆ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಳು. ಹೆಗಲಲ್ಲಿ ಗೋಣಿಯಷ್ಟು ದೊಡ್ಡ ಬ್ಯಾಗು.

“ಆ ಹಳದಿ ಪಟ್ಟಿಯದು ಕೊಡಿ. ಈ ಬ್ಯಾಗಲ್ಲಿ ಕಪ್ಪು ವಸ್ತು ಹಾಕಿದ್ರೆ ಹುಡುಕೋದ್ರಲ್ಲೇ ನನ್ನ ಸ್ಟಾಪು ಬಂದುಬಿಡುತ್ತೆ. ಇದಾದ್ರೆ ಕಾಣುತ್ತೆ.”

“ಅದಕ್ಕೇ ಮೇಡಂ ಹಳದಿ ಕೊಟ್ಟಿರೋದು! ನಾವೇ ಹೇಳಿ ಮಾಡಿಸಿದ್ದು!” ಎಂದ ಯಜಮಾನ, ಕಣ್ಣು ಮಿಟುಕಿಸದೆ.

ಹೊರಗೆ ನಿಂತು ಅದನ್ನು ಕೇಳಿಸಿಕೊಂಡ ಜೇಬಕ್ಕ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಸಂಜೆಗೆ ಅವಳು ಮತ್ತೆ ಬಂದಾಗ ಡ್ರಾಯರಿನಲ್ಲಿದ್ದವೂ ದೀಪದ ಕೆಳಗೆ ಬಂದಿದ್ದವು. “ಮುಂದಿನ ಸಲ ಪೆಟ್ಟಿಗೆ ಬಂದ ದಿನ ಬಂದು ಅಳೆದ್ಕೊಂಡು ಹೋಗಿ ಅಕ್ಕಾ. ಹಳದಿ ಮಾತ್ರ ಬಿಡಬೇಡಿ” ಎಂದ ಯಜಮಾನ. ಕೆಳಗಿನ ಅಂತಸ್ತು ಅವಳದೇ ಆಯಿತು.

ಒಂದು ಕೆಲಸ ಮಾತ್ರ ಬಾಕಿಯಿತ್ತು. ಮರುದಿನ ಅವಳು ಪೇಪರಿನ ಕಚೇರಿಗೆ ಫೋನು ಮಾಡಿ, ಆ ಅಂಕಣ ಬರೆಯುವವರನ್ನೇ ಲೈನಿಗೆ ಕರೆಸಿದಳು.

“ಸಾರ್, ಆರಿಂಚು ಅಂತ ಬರೆದಿದ್ರಿ. ಎಲ್ಲಿಂದ ಎಲ್ಲಿಗೆ ಅಂತ ಬರೀಲಿಲ್ಲ.”

“ಮೂಲೆಯಿಂದ ಮೂಲೆಗಮ್ಮಾ. ಪರದೆ ಅಳತೆ. ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ.”

“ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು ಬಿಡಿ. ಆದ್ರೆ ಬರೀ ಪರದೆಗೆ ಯಾರು ಕವರು ಹೊಲೀತಾರೆ? ಮೈ ಅಳತೆ ಬರೀರಿ ಸಾರ್.”

“ಅಲ್ಲಮ್ಮಾ, ವಾರವೆಲ್ಲ ಕೂತು ಅಷ್ಟುದ್ದ ಬರೀತೀನಿ. ನೀವು ಓದೋದು ಅಳತೆ ಮಾತ್ರಾನಾ?”

“ಚೆನ್ನಾಗಿ ಬರೀತೀರಿ ಸಾರ್. ಉದ್ದ ಅಗಲ ಇರೋ ಸಾಲಂತೂ ತುಂಬಾ ಚೆನ್ನಾಗಿರುತ್ತೆ.”

ಫೋನಿನಲ್ಲಿ ನಗು ಬಹಳ ಹೊತ್ತು ಕೇಳಿಸಿತು.

ಮುಂದಿನ ಗುರುವಾರ ಹೊಸ ಹಾಡಿನ ಪ್ಲೇಯರಿನ ಸುದ್ದಿ ಬಂತು. ಅಂಕಣದ ತುದಿಯಲ್ಲಿ ಬೇರೆಯಾಗಿ ಒಂದು ಸಾಲು: ‘ಕವರು ಹೊಲಿಯುವವರಿಗಾಗಿ ಮೈ ಅಳತೆ’. ಜೇಬಕ್ಕ ಅತ್ತೆಯ ಪಕ್ಕ ಕೂತು ಓದಿ ಹೇಳಿದಳು. ಉದ್ದ ಇತ್ತು. ಅಗಲ ಇತ್ತು.

“ದಪ್ಪ?” ಎಂದು ಅತ್ತೆ ಕೇಳಿದರು.

ಜೇಬಕ್ಕ ಪುಟ ತಿರುಗಿಸಿ ನೋಡಿದಳು. “ದಪ್ಪ ಮರೆತಿದ್ದಾರೆ.”

ಅತ್ತೆ ಕಿವಿಗೆ ಹಾಡು ಸಿಕ್ಕಿಸಿಕೊಂಡು, ಬೀದಿಯ ಆ ತುದಿಗೂ ಕೇಳುವಂತೆ ಹೇಳಿದರು: “ಫೋನು ಮಾಡೇ!”