ವಿವೇಕದ ಬೇರು ಹುಡುಕಿದ ಇಂದುಮತಿ ಕೇಳಸ್ಕರ

ಶಬ್ದಗಳ ಅರ್ಥ ಬಲ್ಲವರು ಮರಾಠಿ ನಿಘಂಟು ಕ್ಷೇತ್ರದಲ್ಲಿ ಅನೇಕರಿದ್ದಾರೆ. ತಮಗೆ ಎಲ್ಲಿಯವರೆಗೆ ಗೊತ್ತು, ಎಲ್ಲಿಂದಾಚೆ ಗೊತ್ತಿಲ್ಲ ಎಂಬ ಗೆರೆಯನ್ನು ಬಲ್ಲವರು ವಿರಳ. ಪುಣೆಯ ಸದಾಶಿವ ಪೇಠೆಯ ನಮ್ಮ ನಿಘಂಟು ಕಚೇರಿಯಿಂದ ಮೂವತ್ತೆಂಟು ವರ್ಷಗಳ ಸೇವೆಯ ನಂತರ ನಿವೃತ್ತರಾಗುತ್ತಿರುವ ವಿದುಷಿ ಶ್ರೀಮತಿ ಇಂದುಮತಿ ಕೇಳಸ್ಕರ ಅವರು ಆ ವಿರಳರಲ್ಲಿ ಅಗ್ರಗಣ್ಯರು.

ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಅವರ ಪಾಲಿಗೆ ‘ವಿವೇಕ’ ಎಂಬ ಶಬ್ದ ಬಂದಿತು. ಸಂಸ್ಕೃತದ ‘ವಿಚ್’ ಧಾತುವಿಗೆ ಬೇರ್ಪಡಿಸು, ಹೊಟ್ಟು ಹಾರುವಂತೆ ಕಾಳನ್ನು ಕೇರು ಎಂಬ ಅರ್ಥವಿರುವುದನ್ನು ಓದಿದ ಅವರಿಗೆ ಪುಸ್ತಕವಷ್ಟೇ ಸಾಕೆನಿಸಲಿಲ್ಲ. ಜುನ್ನರ್ ಕಡೆಯ ಹಳ್ಳಿಯೊಂದಕ್ಕೆ ಹೋಗಿ, ಠಕೂಬಾಯಿ ಎಂಬ ವೃದ್ಧೆಯ ಅಂಗಳದಲ್ಲಿ ಮೊರ ಹಿಡಿದು ಕುಳಿತರು. ಹೊಟ್ಟಿನೊಂದಿಗೆ ಅರ್ಧ ಸಜ್ಜೆ ನೆಲಕ್ಕೆ ಹೋಯಿತು.

“ಇಷ್ಟೆಲ್ಲ ಓದಿ ಕೋಳಿಗೆ ಊಟ ಹಾಕೋಕೆ ಬಂದ್ಯಾ ತಾಯಿ?” ಎಂದು ನಕ್ಕ ಠಕೂಬಾಯಿ, “ಹೊಟ್ಟು ಗಾಳಿಗೆ ಹೋಗ್ತದೆ, ಕಲ್ಲು ಹೋಗಲ್ಲ. ಅದನ್ನ ಕೈಯಾರೆ ವೇಚಬೇಕು” ಎಂದಳು.

ಮರಾಠಿಯ ‘ವೇಚಣೆ’, ಅಂದರೆ ಆರಿಸಿ ತೆಗೆಯುವುದು! ಪಂಡಿತರ ವಿವೇಕಕ್ಕೂ ಈ ಅಂಗಳದ ಮಾತಿಗೂ ಒಂದೇ ಬೇರು ಇರಬಹುದೇ? ಇಂದುಮತಿಯವರು ಪುಣೆಗೆ ಮರಳಿ ಈ ಊಹೆಯನ್ನು ಕಚೇರಿಯಲ್ಲಿ ಹೇಳಿದರು. ಪ್ರಧಾನ ಸಂಪಾದಕರಾದ ತ್ರ್ಯಂಬಕರಾವ್ ಖಾಂಬೇಟೆಯವರಂತೂ ಹಿಗ್ಗಿ, ಸಭೆ ಸಭೆಗಳಲ್ಲಿ ಇದನ್ನು ಕೊಂಡಾಡಿದರು. ಸಂಪುಟ ಅಚ್ಚಾದೊಡನೆ ಆ ಶೋಧಕ್ಕಾಗಿ ಪ್ರಶಸ್ತಿ ಕೊಡುವುದಾಗಿ ವಿದ್ವತ್ಸಂಸ್ಥೆಯೊಂದು ಘೋಷಿಸಿತು.

ಆದರೆ ಇಂದುಮತಿಯವರು ಹುಡುಕುವುದನ್ನು ನಿಲ್ಲಿಸಲಿಲ್ಲ. ಎರಡು ವರ್ಷ ಹಳೆಯ ಹಸ್ತಪ್ರತಿಗಳನ್ನು ಜಾಲಾಡಿದರು. ಎರಡು ಶಬ್ದಗಳ ಹೋಲಿಕೆ ಎದ್ದು ಕಾಣುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಬಂದ ದಾರಿ ಮಾತ್ರ ಅವರಿಗೆ ಎಲ್ಲಿಯೂ ಸಿಗಲಿಲ್ಲ. ಸಂಪುಟ ಅಚ್ಚಿಗೆ ಹೋಗುವ ದಿನ ಕರಡನ್ನು ಹಿಡಿದು ಖಾಂಬೇಟೆಯವರ ಮುಂದೆ ನಿಂತರು.

“ಅಣ್ಣಾ, ‘ವೇಚಣೆ’ಯ ಈ ಮೂಲದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.”

“ನಿನ್ನ ಶೋಧಕ್ಕೆ ನೀನೇ ಕಲ್ಲು ಹಾಕ್ತೀಯಾ, ಇಂದೂತಾಯಿ? ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಲ್ಲ! ಪ್ರಶಸ್ತಿ ಕೈತಪ್ಪಿ ಹೋಗತ್ತೆ.”

“ಹೋಗ್ಲಿ ಬಿಡಿ. ನಿಜ ಆಗಿರ್ಲಿ ಅಂತ ನನಗೂ ಆಸೆ ಇದೆ. ಆದ್ರೆ ಆಸೆ ಬೇರೆ, ಆಧಾರ ಬೇರೆ ಅಲ್ವಾ ಅಣ್ಣಾ?”

ಖಾಂಬೇಟೆಯವರು ಕರಡನ್ನು ಮತ್ತೊಮ್ಮೆ ಓದಿದರು. ಆಮೇಲೆ ಲೇಖನಿ ತೆಗೆದು ತಾವೇ ಆ ಚಿಹ್ನೆ ಹಾಕಿದರು. ಮರುದಿನ ಎಲ್ಲರೆದುರು, “ಈ ಕಚೇರೀಲಿ ಇಷ್ಟು ವರ್ಷ ‘ವಿವೇಕ’ ಅಂತ ಬರೀತಾ ಇದ್ದೆ. ನಿನ್ನೆ ಕಣ್ಣಾರೆ ನೋಡಿದೆ” ಎಂದು ಎದ್ದು ನಿಂತು ಕೈಮುಗಿದರು. ಪ್ರಶಸ್ತಿ ಬೇರೆಯವರ ಪಾಲಾಯಿತು.

ಮುಂದೆ ಸಂಪಾದಕಿಯಾದ ಮೇಲೂ ಅವರು ಬದಲಾಗಲಿಲ್ಲ. ಸಹಾಯಕ ಸಂಪಾದಕಿ ಶಾಲ್ಮಲಿ ಘೈಸಾಸ್ ಅವರ ತಪ್ಪೊಂದು ಅಚ್ಚಾಗಿ, ಆಕೆ ರಾಜೀನಾಮೆ ಪತ್ರ ಹಿಡಿದು ಬಂದಾಗ, ಇಂದುಮತಿಯವರು ಹಳೆಯ ವಹಿಯೊಂದನ್ನು ಬಿಚ್ಚಿಟ್ಟರು. ಅಚ್ಚಾಗಿಹೋದ ತಮ್ಮದೇ ನಲವತ್ತಮೂರು ತಪ್ಪುಗಳ ಪಟ್ಟಿ ಅದು. “ಇಷ್ಟಾದ ಮೇಲೆ ಬಾ ರಾಜೀನಾಮೆಗೆ” ಎಂದು ಹೇಳಿ ಚಹಾ ತರಿಸಿದರು. ಶಾಲ್ಮಲಿಯವರು ಇಂದು ಅವರ ಸ್ಥಾನಕ್ಕೆ ಬರುತ್ತಿದ್ದಾರೆ.

ನಿವೃತ್ತಿಯ ಮರುದಿನದಿಂದಲೇ ನೇಕಾರರ ಮಾತುಗಳನ್ನು ಕಲೆಹಾಕಲು ಪೈಠಣಕ್ಕೆ ಹೊರಡುವುದಾಗಿ ಅವರು ಹೇಳಿದ್ದಾರೆ. ಕಾಲಿಗೆ ಬಲವೂ ಕಣ್ಣಿಗೆ ಬೆಳಕೂ ನೂರು ತುಂಬುವವರೆಗೆ ಅವರಿಗಿರಲಿ. ನಾವು ತಪ್ಪಿದಾಗಲೆಲ್ಲ ಅವರ ಕೆಂಪು ಶಾಯಿಯ ಕಾಗದ ಅಂಚೆಯಲ್ಲಿ ಬರುತ್ತಿರಲಿ.